ದುರುಗಮ್ಮನ ಗಾಡಿಯ ಮುಚ್ಚಳ

ಸೂಳೆಕೆರೆ ಏರಿಯ ಕೆಳಗಿನ ಆ ಹಳ್ಳಿಯಲ್ಲಿ ದುರುಗಮ್ಮನಿಗಿಂತ ಮೊದಲು ಯಾವ ಹೆಂಗಸೂ ಗಾಡಿ ಓಡಿಸಿರಲಿಲ್ಲ. ಓಡಿಸಬೇಕೆಂಬ ಆಸೆ ಅವಳಿಗೂ ಇರಲಿಲ್ಲ. ಅವಳನ್ನು ಗಾಡಿ ಹತ್ತಿಸಿದ್ದು ಬಸ್ಸಿನ ಜನ.

ಗಂಡ ಕಲ್ಲೇಶ್ ಕೆರೆಯಲ್ಲಿ ಬಲೆ ಬಿಡುವವನು. ನಸುಕಿನಲ್ಲಿ ತೆಪ್ಪ ಇಳಿಸಿದರೆ ಬಿಸಿಲೇರುವ ಹೊತ್ತಿಗೆ ಕಾಟ್ಲಾ, ಗೆಂಡೆ, ಜಿಲೇಬಿ ಮೀನು ಹೊತ್ತು ದಡ ಸೇರುತ್ತಿದ್ದ. ಅಲ್ಲಿಂದಾಚೆಯ ಕೆಲಸ ದುರುಗಮ್ಮನದು. ಮೀನಿನ ಬುಟ್ಟಿ ಹೊತ್ತು ಅವಳು ಬಸ್ಸಿಗೆ ಕೈ ಅಡ್ಡ ಹಿಡಿದರೆ ಒಳಗಿದ್ದವರು ಮೂಗಿಗೆ ಸೆರಗು, ಟವೆಲ್ಲು ಅಡ್ಡ ಹಿಡಿಯುತ್ತಿದ್ದರು. ಒಬ್ಬ ಕಂಡಕ್ಟರ್ ಹತ್ತಿಸಿಕೊಂಡರೆ ಇನ್ನೊಬ್ಬ ಇಳಿಸುತ್ತಿದ್ದ. ಒಮ್ಮೆ ಅರ್ಧ ದಾರಿಯಲ್ಲೇ ಇಳಿಸಿಬಿಟ್ಟಾಗ ಅವಳು ಉಳಿದ ದಾರಿಯನ್ನು ನಡೆದೇ ಸಾಗಿದಳು. ಸಂತೇಬೆನ್ನೂರಿನ ಸಂತೆ ಮುಟ್ಟುವ ಹೊತ್ತಿಗೆ ಮೀನಿನ ಕಣ್ಣು ಕೆಂಪಾಗಿದ್ದವು, ಅವಳದೂ.

ಅದನ್ನು ಕೇಳಿದ ಅಣ್ಣ ತನ್ನ ಹಳೇ ಮೊಪೆಡ್ಡನ್ನು ತಂದು ಅವಳ ಮನೆ ಮುಂದೆ ನಿಲ್ಲಿಸಿ ಹೋದ. ಅದನ್ನು ತಯಾರಿಸಿದ ಕಂಪನಿ ಆ ಮಾದರಿಯನ್ನು ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಆದರೂ ಎಂಜಿನ್ ಗಟ್ಟಿಯಾಗಿತ್ತು. ದುರುಗಮ್ಮ ಕೆರೆ ಏರಿಯ ಮೇಲೆ ಬಿದ್ದೂ ಎದ್ದೂ ಕಲಿತಳು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. "ಇಲ್ಲಿ ಕಲ್ತೋಳಿಗೆ ಎಲ್ಲಾ ರೋಡೂ ಅಂಗಳನೇ" ಎಂದು ಆಮೇಲೆ ಹೇಳಿಕೊಂಡು ನಗುತ್ತಿದ್ದಳು. ಹಿಂದಕ್ಕೆ ಐಸ್ ಡಬ್ಬಿ ಕಟ್ಟಿಕೊಂಡು ಚನ್ನಗಿರಿ, ಸಂತೇಬೆನ್ನೂರು, ತ್ಯಾವಣಿಗೆ ಕಡೆಯ ಹಳ್ಳಿಗಳನ್ನೆಲ್ಲ ಸುತ್ತತೊಡಗಿದಳು. ಯಾವ ಬೀದಿಯಲ್ಲಿ ಹಾರ್ನ್ ಹೊಡೆಯಬೇಕು, ಯಾವ ಬೀದಿಯಲ್ಲಿ ಸುಮ್ಮನೆ ದಾಟಬೇಕು ಎಂಬುದೂ ತಿಳಿಯಿತು. ಲಿಂಗಾಯತರ ಕೇರಿ ಬಂದರೆ ಅವಳು ಡಬ್ಬಿಯ ಮುಚ್ಚಳ ಒತ್ತಿ, ವೇಗ ಹೆಚ್ಚಿಸಿ ಹೋಗುತ್ತಿದ್ದಳು. ಮಗಳು ಸುಚಿತ್ರಾಳನ್ನು ಓದಿಸಿ ಹೊನ್ನಾಳಿಗೆ ಮದುವೆ ಮಾಡಿ ಕೊಟ್ಟಿದ್ದೂ ಆ ಗಾಡಿಯ ದುಡಿಮೆಯಿಂದಲೇ.

ಒಂದು ದಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಟ್ಯಾಂಕಿನ ಮುಚ್ಚಳವನ್ನು ಐಸ್ ಡಬ್ಬಿಯ ಮೇಲಿಟ್ಟಳು. ಹಿಂದಿನ ಲಾರಿಯವನು ಅವಸರ ಮಾಡಿದ. ಮುಚ್ಚಳ ಮರೆತು ಹೊರಟವಳು ಮೈಲಿ ದಾಟಿದ ಮೇಲೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿದಾಗ ಬೆಚ್ಚಿ ತಿರುಗಿದಳು. ರಸ್ತೆಯ ಎರಡೂ ಬದಿ ಹುಲ್ಲು ಸರಿಸಿ ಹುಡುಕಿದಳು. ಸಿಗಲಿಲ್ಲ. ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿ ಚನ್ನಗಿರಿಯ ಪಂಚಾಕ್ಷರಪ್ಪನ ಅಂಗಡಿಗೆ ಹೋದಳು.

ಪಂಚಾಕ್ಷರಪ್ಪ ಬಿಡಿಭಾಗಗಳ ವ್ಯಾಪಾರಿ. ಹಣೆಯಲ್ಲಿ ವಿಭೂತಿ, ಮೈಮೇಲೆ ಬಿಳಿ ಅಂಗಿ, ಮೂಗು ಮಾತ್ರ ಬಹಳ ಸೂಕ್ಷ್ಮ. ಅವಳ ಗಾಡಿ ಕಂಡೊಡನೆ ಕೂತಲ್ಲಿಂದಲೇ ಕೂಗಿದ.

"ಅವ್ವಾ, ಗಾಡಿನ ಆ ಕಡೆ ಬೇವಿನ ಮರದ ಹತ್ರ ನಿಲ್ಸಿ ಬಾರವ್ವ. ಗಾಳಿ ಈ ಕಡಿಗೆ ಬೀಸ್ತೈತೆ."

ಅವಳು ಗಾಡಿ ದೂರ ನಿಲ್ಲಿಸಿ ಬಂದು ಮುಚ್ಚಳ ಕೇಳಿದಳು. ಪಂಚಾಕ್ಷರಪ್ಪ ಡಬ್ಬಿಗಳನ್ನು ತಡಕಾಡಿ ಒಂದು ಹೊಳೆಯುವ ಮುಚ್ಚಳ ತೆಗೆದ. ಅದು ಟ್ಯಾಂಕಿನ ಬಾಯಿಯ ಮೇಲೆ ಟಕ್ಕೆಂದು ಕೂತಿತು. ಹನಿಯೂ ಸೋರಲಿಲ್ಲ. ಹಳೇ ಗಾಡಿಯ ಮೇಲೆ ಹೊಸ ಮುಚ್ಚಳ ಮುದುಕಿಯ ಮೂಗಿನ ಹೊಸ ನತ್ತಿನಂತೆ ಕಂಡಿತು.

ಮರುದಿನದಿಂದ ಕಾಟ ಶುರುವಾಯಿತು.

ಗಾಡಿ ಮನೆಯಿಂದ ಚೆನ್ನಾಗಿ ಹೊರಡುತ್ತಿತ್ತು. ಕೆಲವು ಮೈಲಿ ಓಡಿದ ಮೇಲೆ ಉಸಿರು ಕಟ್ಟಿದಂತೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಟ್ಯಾಂಕ್ ಅಲುಗಾಡಿಸಿದರೆ ಒಳಗೆ ಪೆಟ್ರೋಲ್ ಗುಳುಗುಳು ಎನ್ನುತ್ತಿತ್ತು. ಎಷ್ಟು ಪೆಡಲ್ ತುಳಿದರೂ ಎಂಜಿನ್ ಏಳುತ್ತಿರಲಿಲ್ಲ. ಸೋತು ಮರದ ಕೆಳಗೆ ಕೂತು ಎದ್ದರೆ, ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ಮತ್ತೆ ಅಷ್ಟೇ ದೂರ, ಮತ್ತೆ ಅದೇ ಕತೆ.

ಮೆಕ್ಯಾನಿಕ್‌ಗಳಿಗೆ ತೋರಿಸಿದಳು. ಒಬ್ಬ ಕಾರ್ಬೊರೇಟರ್ ತೊಳೆದ, ಇನ್ನೊಬ್ಬ ಪ್ಲಗ್ ಬದಲಿಸಿದ, ಮತ್ತೊಬ್ಬ ಪೈಪು ಊದಿ "ಕಸ ಇತ್ತು ನೋಡು" ಎಂದ. ಅವರ ಅಂಗಡಿ ಮುಂದೆ ಗಾಡಿ ಮೊಲದ ಮರಿಯಂತೆ ಜಿಗಿಯುತ್ತಿತ್ತು. ಅಡಿಕೆ ತೋಟಗಳ ನಡುವಿನ ನಿರ್ಜನ ರಸ್ತೆಗೆ ಬಂದರೆ ಮಾತ್ರ ನಿಲ್ಲುತ್ತಿತ್ತು. ಐಸ್ ಕರಗುತ್ತಿತ್ತು. ಸಂತೇಬೆನ್ನೂರಿನ ಹೊನ್ನೂರಮ್ಮ ಅವಳ ಕಾಯಂ ಗಿರಾಕಿ, ಖಾನಾವಳಿ ನಡೆಸುವವಳು. ಮೂರನೇ ಸಲ ತಡವಾದಾಗ ಅವಳು ನಿಷ್ಠುರವಾಗಿಯೇ ಹೇಳಿದಳು.

"ದುರುಗಿ, ನಿನ್ ಮೀನಿಗೆ ನಾನು ಒಲೆ ಹಚ್ಕೊಂಡು ಕೂತ್ರೆ ಉಣ್ಣಾಕೆ ಬಂದೋರು ಎದ್ ಹೋಗ್ತಾರೆ. ನಾಳಿಂದ ಬೇರೆಯೋರಿಗೆ ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ."

ಆ ದಿನದ ಮೀನನ್ನು ದುರುಗಮ್ಮ ಕೆರೆ ದಡದಲ್ಲಿ ಸುರಿದಳು. ಹದ್ದುಗಳು ಸುತ್ತುವುದನ್ನು ನೋಡುತ್ತ ನಿಂತಿದ್ದಾಗ ಕಲ್ಲೇಶ್ ಬಂದು ಪಕ್ಕದಲ್ಲಿ ನಿಂತ. ಅವನು ನಸುಕಿನಿಂದ ತೆಪ್ಪದಲ್ಲಿ ಕೂತು ಹಿಡಿದ ಮೀನು ಅದು. ಆದರೂ ಅವನು ರೇಗಲಿಲ್ಲ.

"ಗಾಡಿ ಮಾರಿಬಿಡು" ಎಂದ ಮೆಲ್ಲಗೆ. "ಮೊದ್ಲಿನಂಗೆ ಬಸ್ಸಿಗೆ ಹೋದ್ರಾತು."

"ಬಸ್ಸಿಗಾ?" ದುರುಗಮ್ಮ ಅವನ ಕಡೆ ತಿರುಗಿದಳು. "ನೀನು ಒಂದ್ಸಲ ಆ ಬುಟ್ಟಿ ಹೊತ್ಕೊಂಡು ಬಸ್ ಹತ್ತು. ಆಮೇಲೆ ಹೇಳು."

ಕಲ್ಲೇಶ್ ಖಾಲಿ ಡಬ್ಬಿಯನ್ನು ಎತ್ತಿ ಕೆರೆಯ ನೀರಿನಲ್ಲಿ ತೊಳೆದ. ಆ ರಾತ್ರಿ ಅವಳಿಗೆ ಒಂದೇ ಯೋಚನೆ. ಮುಚ್ಚಳ ಕಳೆಯುವ ಮುಂಚೆ ಗಾಡಿ ನೆಟ್ಟಗಿತ್ತು. ಆಮೇಲೆ ಬದಲಾಗಿದ್ದು ಮುಚ್ಚಳ ಒಂದೇ.

ಬೆಳಗಾದೊಡನೆ ಪಂಚಾಕ್ಷರಪ್ಪನ ಅಂಗಡಿಗೆ ಹೋಗಿ ಹಾಗೆಂದಾಗ ಅವನಿಗೆ ಅವಮಾನವಾದಂತಾಯಿತು.

"ಮುಚ್ಚಳದಿಂದ ಗಾಡಿ ನಿಲ್ತತಾ? ಏನ್ ಮಾತಾಡ್ತೀಯವ್ವ? ನಮ್ಮಪ್ಪನ ಕಾಲದಿಂದ ನಡೆಸಿರೋ ಅಂಗಡಿ ಇದು. ಕೂತೈತಿಲ್ಲೋ, ಸೋರ್ತದಾ?"

"ಸೋರಲ್ರೀ. ಆದ್ರೆ ಓಡಲ್ಲ."

"ಓಡ್ತತೆ. ನಿಂಗೆ ಓಡ್ಸಾಕೆ ಬರಲ್ಲ."

ದುರುಗಮ್ಮ ಸಿಟ್ಟನ್ನು ನುಂಗಿಕೊಂಡಳು. "ಹಂಗಾರೆ ಹಿಂದ್ಗಡೆ ಕೂತು ನೀವೇ ನೋಡ್ರಿ. ನಿಲ್ಲಿಲ್ಲ ಅಂದ್ರೆ ನಾನು ನಿಮ್ಮ ಅಂಗಡಿ ಮುಂದೆ ಇನ್ನೊಂದ್ಸಲ ಬರಲ್ಲ."

ಅಕ್ಕಪಕ್ಕದ ಅಂಗಡಿಯವರು ಕೇಳಿಸಿಕೊಂಡು ನಗತೊಡಗಿದರು. ಪಂಚಾಕ್ಷರಪ್ಪ ಮರ್ಯಾದೆಗೆ ಬಿದ್ದ. ಐಸ್ ಡಬ್ಬಿ ಮುಂದಿನ ಕಾಲಿಡುವ ಜಾಗಕ್ಕೆ ಬಂತು, ಪಂಚಾಕ್ಷರಪ್ಪ ಪಂಚೆ ಎತ್ತಿ ಕಟ್ಟಿ ಹಿಂದಿನ ಕ್ಯಾರಿಯರ್ ಮೇಲೆ ಕೂತ. ಬಸ್ ಸ್ಟ್ಯಾಂಡಿನವರೆಗೂ ಜನ ತಿರುಗಿ ತಿರುಗಿ ನೋಡಿದರು. ತ್ಯಾವಣಿಗೆ ದಾರಿ ಹಿಡಿದ ಮೇಲೆ ಗಾಡಿ ಗಾಳಿಯಂತೆ ಸಾಗಿತು. ಹಿಂದಿನಿಂದ "ನೋಡು, ಹೆಂಗೆ ಓಡ್ತೈತೆ!" ಎಂಬ ಗೆಲುವಿನ ದನಿ ಕೇಳುತ್ತಲೇ ಇತ್ತು. ದುರುಗಮ್ಮ ಜೀವಮಾನದಲ್ಲಿ ಮೊದಲ ಸಲ ತನ್ನ ಗಾಡಿ ಕೆಡಲಿ ಎಂದು ಬೇಡಿಕೊಂಡಳು.

ಅದು ಕೆಟ್ಟಿತು. ಆದರೆ ಕೆಟ್ಟಿದ್ದು ಒಂದು ಹಳ್ಳಿಯ ನಟ್ಟನಡುವೆ, ಬಣ್ಣದ ಕಟ್ಟೆಯಿದ್ದ ಒಂದು ದೊಡ್ಡ ಮನೆಯ ಮುಂದೆ. ಪಂಚಾಕ್ಷರಪ್ಪ ಕ್ಯಾರಿಯರ್ ಮೇಲಿಂದ ಹಾರಿ ಇಳಿದ.

"ತಳ್ಳವ್ವ, ಬೇಗ ತಳ್ಳು. ಇದು ನಮ್ಮ ಬೀಗರ ಮನೆ!"

ತಳ್ಳುವಷ್ಟರಲ್ಲಿ ಮನೆಯಾಕೆ ಪ್ರೇಮಲತಾ ಹೊರಗೆ ಬಂದಾಗಿತ್ತು. ಪಂಚಾಕ್ಷರಪ್ಪನ ಮಗಳನ್ನು ಸೊಸೆಯಾಗಿ ತಂದುಕೊಂಡವಳು ಅವಳು. ಮೊಪೆಡ್ಡು, ಮೀನಿನ ಡಬ್ಬಿ, ಅದರ ಹಿಂದೆ ವಿಭೂತಿಯ ಬೀಗರು. ಅವಳು ಕಟ್ಟೆಯ ಅಂಚಿಗೆ ಬಂದಳು.

"ಏನ್ರೀ ಬೀಗರೇ, ವ್ಯಾಪಾರ ಬದಲಾಯಿಸಿದ್ರಾ?"

"ಇಲ್ಲಕ್ಕೋ, ಮುಚ್ಚಳದ ಪರೀಕ್ಷೆ ಮಾಡಾಕೆ ಬಂದೆ" ಎಂದು ಪಂಚಾಕ್ಷರಪ್ಪ ತೊದಲಿದ. ತನ್ನ ಸಂಕಟವನ್ನೆಲ್ಲ ದುರುಗಮ್ಮನ ಮೇಲೆ ತಿರುಗಿಸಿದ. "ಪೆಟ್ರೋಲೇ ಇಲ್ಲ ಇದ್ರಾಗೆ. ಸುಮ್ನೆ ನನ್ನ ಮಾನ ಕಳೆಯಾಕೆ ಕರ್ಕೊಂಡು ಬಂದೀಯ. ತೆಗಿ ಮುಚ್ಚಳ, ನೋಡಾನ."

ದುರುಗಮ್ಮ ಮುಚ್ಚಳ ತಿರುಗಿಸಿದಳು. ಅದು ಅಂಟಿಕೊಂಡಂತಿತ್ತು. ಬಲ ಹಾಕಿ ಎತ್ತಿದಾಗ "ಉಸ್ಸ್" ಎಂದು ಉದ್ದಕ್ಕೆ ಸದ್ದಾಯಿತು. ಒಳಗೆ ಅರ್ಧ ಟ್ಯಾಂಕು ಪೆಟ್ರೋಲ್ ಇತ್ತು.

"ಇದೇನು, ಉಸಿರು ಬಿಟ್ಟಂಗಾತು?" ಎಂದಳು ದುರುಗಮ್ಮ.

"ಬಿಟ್ಟಿದ್ದಲ್ಲ ಕಣೆ, ಒಳಕ್ಕೆ ಎಳ್ಕೊಂಡಿದ್ದು" ಎಂದಳು ಕಟ್ಟೆಯ ಮೇಲಿನಿಂದ ಪ್ರೇಮಲತಾ. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬೀಳ್ತದಾ? ಗಾಳಿ ಹೋಗಾಕೆ ಇನ್ನೊಂದು ತೂತು ಬ್ಯಾಡ್ವಾ?"

ಪಂಚಾಕ್ಷರಪ್ಪ ಮುಚ್ಚಳವನ್ನು ಕಸಿದುಕೊಂಡು ಮೇಲೆ ಕೆಳಗೆ ನೋಡಿದ. ಬಿಸಿಲಿಗೆ ಹಿಡಿದ. ಎಲ್ಲಿಯೂ ಒಂದು ಸೂಜಿಮೊನೆಯಷ್ಟು ಕಿಂಡಿಯೂ ಇರಲಿಲ್ಲ. ಪೆಟ್ರೋಲ್ ಕೆಳಗಿಳಿದಷ್ಟೂ ಆ ಜಾಗಕ್ಕೆ ಗಾಳಿ ಬರದೆ, ಟ್ಯಾಂಕು ಪೆಟ್ರೋಲನ್ನು ಕೆಳಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತಿತ್ತು. ನಿಂತಾಗ ಅಂಚಿನಿಂದ ಹೇಗೋ ಗಾಳಿ ನುಸುಳಿ ಮತ್ತೆ ದಾರಿಯಾಗುತ್ತಿತ್ತು. ಮುಚ್ಚಳ ಬಾಯಿಗೆ ಕೂತಿತ್ತು, ಗಾಡಿಗೆ ಕೂತಿರಲಿಲ್ಲ. ಗಾಡಿ ಈಗ ಒಂದೇ ತುಳಿತಕ್ಕೆ ಚಾಲೂ ಆಯಿತು.

"ನನ್ನದೇ ತಪ್ಪಾತವ್ವ" ಎಂದ ಪಂಚಾಕ್ಷರಪ್ಪ. ಬೀಗತಿಯ ಎದುರು ಆ ಮಾತು ಹೇಳುವುದು ಅವನಿಗೆ ಸುಲಭವಿರಲಿಲ್ಲ. ಪ್ರೇಮಲತಾ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ದುರುಗಮ್ಮನಿಗೆ ಕೊಡುವಾಗ ಸ್ವಲ್ಪ ದೂರದಿಂದಲೇ ಕೈ ಚಾಚಿದಳು. ಆದರೂ ಎರಡನೇ ಲೋಟ ಬೇಕೇ ಎಂದು ಕೇಳಿದಳು.

ಪಂಚಾಕ್ಷರಪ್ಪ ಅಂಗಡಿಗೆ ಮರಳಿ ಮೊಳೆಯಿಂದ ಮುಚ್ಚಳಕ್ಕೆ ತೂತು ಹೊಡೆದುಕೊಟ್ಟ. ಗಾಡಿ ನಿಲ್ಲುವುದು ನಿಂತಿತು. ಆದರೆ ಹೊಸ ಫಜೀತಿ ಹುಟ್ಟಿಕೊಂಡಿತು. ಹಳ್ಳದಲ್ಲಿ ಇಳಿದೆದ್ದಾಗಲೆಲ್ಲ ಆ ತೂತಿನಿಂದ ಪೆಟ್ರೋಲ್ ಚಿಮ್ಮಿ ಸೀರೆಗೂ ಕೈಗೂ ತಾಗುತ್ತಿತ್ತು. ಅದೇ ಕೈಯಲ್ಲಿ ಮೀನು ತೂಗಿದರೆ ಜನ ಸುಮ್ಮನಿರುತ್ತಾರೆಯೇ? "ಬೆಂಕಿ ಹಚ್ಚೋದೇನೂ ಬ್ಯಾಡ, ಹಂಗೇ ಹೊತ್ಕಂತದೆ" ಎಂದು ಒಬ್ಬ ಗಿರಾಕಿ ಮೀನು ವಾಪಸ್ ಕೊಟ್ಟ. ಅದಕ್ಕಿಂತ ಹೆಚ್ಚಾಗಿ, ಬೀಡಿ ಸೇದುವವರು ಹತ್ತಿರ ಬಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

"ಇದು ಸರಿ ಇಲ್ಲ, ಸರಿಯಾದ್ದೇ ಬೇಕು" ಎಂದು ಪಂಚಾಕ್ಷರಪ್ಪ ಈಗ ತಾನೇ ಹಠಕ್ಕೆ ಬಿದ್ದ. ಗೊತ್ತಿದ್ದ ಅಂಗಡಿಗಳಿಗೆಲ್ಲ ಫೋನ್ ಮಾಡಿದ. ಹೊನ್ನಾಳಿಯಲ್ಲಿ ಒಂದು ಇದೆಯೆಂದು ತಿಳಿದು ಬಂತು. ದುರುಗಮ್ಮ ಮಗಳನ್ನು ನೋಡಿದಂತೆಯೂ ಆಗುತ್ತದೆಂದು ಅಲ್ಲಿಗೆ ಹೋದಳು. ಆ ಮುಚ್ಚಳದ ಕೆಳಗೆ ಬೀಗ ಬೀಳುವ ತಗಡಿನ ಕಿವಿಗಳು ಅಗಲವಾಗಿದ್ದವು, ಟ್ಯಾಂಕಿನ ಬಾಯೊಳಗೆ ಇಳಿಯಲೇ ಇಲ್ಲ. ಅಲ್ಲಿಯವರು ನ್ಯಾಮತಿಗೆ ಕಳಿಸಿದರು. ನ್ಯಾಮತಿಯ ಮುಚ್ಚಳ ಸಲೀಸಾಗಿ ಇಳಿಯಿತು. ಗಾಳಿಯ ಕಿಂಡಿಯೂ ಇತ್ತು. ಆದರೆ ಬೀಗ ಬೀಳದೆ ಬುಗುರಿಯಂತೆ ಸುಮ್ಮನೆ ಸುತ್ತುತ್ತಿತ್ತು. ದುಡ್ಡು ಕೊಟ್ಟ ತಪ್ಪಿಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅವಳು ಮಗಳ ಮನೆಗೆ ಬಂದು ಕೂತಳು.

"ಸಾಕಾತು ಸುಚಿ. ಅಂಗೈಯಷ್ಟೂ ಇಲ್ಲದ ಮುಚ್ಚಳಕ್ಕೆ ಊರೂರು ಅಲೆದ್ರೆ ನೋಡ್ದೋರು ನಗ್ತಾರೆ."

ಸುಚಿತ್ರಾ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದಳು. ಅವ್ವ ಸೋತು ಮಾತಾಡುವುದನ್ನು ಅವಳು ಕೇಳಿಯೇ ಇರಲಿಲ್ಲ. ಮುಚ್ಚಳಗಳನ್ನೂ ಟ್ಯಾಂಕಿನ ಬಾಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ತನ್ನ ಗಂಡನ ಕಡೆಯವರಿಗೆ, ಗೆಳತಿಯರಿಗೆ, ಅವರ ಗುಂಪುಗಳಿಗೆಲ್ಲ ಕಳಿಸಿದಳು. ಸಂಜೆಯೊಳಗೆ ಜಗಳೂರಿನಿಂದ ಒಂದು ಧ್ವನಿ ಸಂದೇಶ ಬಂತು. ಹಳೇ ಮೊಪೆಡ್ ರಿಪೇರಿ ಮಾಡುವ ಸಿದ್ದು ಎಂಬುವನದು.

"ಅಕ್ಕಾ, ಫೋಟೋದಾಗೆ ಮುಚ್ಚಳ ಕೂರಲ್ಲ. ಗಾಡಿ ತಗಂಡ್ ಬರ್ರಿ. ಇರೋ ಮುಚ್ಚಳ ಎಲ್ಲಾ ತಗಂಡ್ ಬರ್ರಿ, ಒಂದೂ ಒಗೀಬ್ಯಾಡ್ರಿ."

ಜಗಳೂರೆಂದರೆ ದಾವಣಗೆರೆಯ ಆಚೆ. ಅಷ್ಟು ದೂರ ಅವಳು ಗಾಡಿಯಲ್ಲಿ ಹೋದವಳೇ ಅಲ್ಲ. ಆಗದು ಎಂದು ಕಲ್ಲೇಶ್ ತಲೆಯಾಡಿಸಿದ. ಆದರೂ ಹೊರಡುವ ದಿನ ತಾನೇ ಟೈರಿಗೆ ಗಾಳಿ ಹಾಕಿಸಿ ತಂದ. ರೊಟ್ಟಿ ಬುತ್ತಿ ಕಟ್ಟಿಕೊಟ್ಟ. ಅವಳು ಐಸ್ ಡಬ್ಬಿಯಿಲ್ಲದೆ ರಸ್ತೆಗಿಳಿದಳು. ದಾವಣಗೆರೆಯ ಲಾರಿ ಬಸ್ಸುಗಳ ನಡುವೆ ರಸ್ತೆಯ ಅಂಚು ಹಿಡಿದು ನುಸುಳಿದಳು. ಊರು ದಾಟಿದ ಮೇಲೆ ತೋಟಗಳು ಹಿಂದುಳಿದು, ಮೆಕ್ಕೆಜೋಳ, ಶೇಂಗಾ ಹೊಲಗಳು ಶುರುವಾದವು. ಆಮೇಲೆ ಬಯಲೇ ಬಯಲು. ಆಕಾಶ ಅಷ್ಟು ಅಗಲವಿರುವುದನ್ನು ಅವಳು ಕೆರೆಯ ಮೇಲೆ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಮೀನು ಕೆಡುವ ಅವಸರವಿಲ್ಲದ ಆ ದಾರಿಯಲ್ಲಿ ಅವಳು ಸುಮ್ಮನೆ ಒಂದು ಹಾಡು ಗುನುಗಿದಳು. ಎದುರಿಗೆ ಬರುವ ಗಾಡಿಗಳಲ್ಲಿ ತನ್ನದೇ ಮಾದರಿಯವು ಒಂದೊಂದಾಗಿ ಕಾಣತೊಡಗಿದವು. ಹುಲ್ಲಿನ ಹೊರೆ, ಕುರಿಮರಿ, ನೀರಿನ ಕೊಡ ಹೊತ್ತು ಅವು ಸಾಗುತ್ತಿದ್ದವು.

ಸಿದ್ದುವಿನ ಗ್ಯಾರೇಜು ಊರಂಚಿನ ಒಂದು ತಗಡಿನ ಚಪ್ಪರ. ಅವನು ಮೊದಲು ಮುಚ್ಚಳಗಳನ್ನಲ್ಲ, ಟ್ಯಾಂಕಿನ ಬಾಯನ್ನು ಬೆರಳಿನಿಂದ ಸುತ್ತ ಸವರಿ ನೋಡಿದ.

"ಇದು ಮೊದಲ್ನೇ ಮಾದರಿ ಅಕ್ಕಾ. ಆಮೇಲೆ ಬಂದವುಕ್ಕೆ ಬಾಯಿ ಕೂದ್ಲೆಳೆಯಷ್ಟು ದೊಡ್ಡದು. ಅಂಗಡಿಯೋರಿಗೆ ಎರಡೂ ಒಂದೇ ಥರ ಕಾಣ್ತಾವೆ. ಅವ್ರ ತಪ್ಪಲ್ಲ, ನಾನೂ ಶುರುವಿಗೆ ಹಿಂಗೇ ಎಷ್ಟೋ ಕೆಡಿಸೀನಿ."

"ನಿಮ್ಮತ್ರ ಸರಿಯಾದ್ದು ಐತಾ?"

"ಇಲ್ಲ. ಯಾರ ಹತ್ರನೂ ಇಲ್ಲ. ಮಾಡಾನ."

ಚನ್ನಗಿರಿಯ ಮುಚ್ಚಳ ಬಾಯಿಗೆ ಸರಿಯಾಗಿ ಬೀಗ ಹಾಕಿಕೊಳ್ಳುತ್ತಿತ್ತು, ಮೊಳೆಯ ತೂತು ಬಿಟ್ಟರೆ ಗಾಳಿಗೆ ಸರಿಯಾದ ದಾರಿಯಿರಲಿಲ್ಲ. ನ್ಯಾಮತಿಯದಕ್ಕೆ ಬೀಗ ಬೀಳುತ್ತಿರಲಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಗಾಳಿಯನ್ನು ಒಳಗೆ ಬಿಟ್ಟು ಪೆಟ್ರೋಲನ್ನು ತಡೆಯುವ ಸಣ್ಣ ಬಿಲ್ಲೆಯಿತ್ತು. ಸಿದ್ದು ಎರಡನ್ನೂ ಬಿಚ್ಚಿ ನ್ಯಾಮತಿಯ ಹೊಟ್ಟೆಯನ್ನು ಚನ್ನಗಿರಿಯ ಚಿಪ್ಪಿನೊಳಗೆ ಕೂರಿಸಿದ. ಮೊಳೆಯ ತೂತನ್ನು ಬೆಸೆದು ಮುಚ್ಚಿ, ಅಂಚಿನಲ್ಲಿ ಗಾಳಿಗೊಂದು ಸೂಜಿಕಿಂಡಿ ಕೊರೆದ. ಮೊದಲ ಸಲ ಬಿಗಿಯಾಯಿತು, ತೆಗೆದು ಅಂಚು ಉಜ್ಜಿದ. ಎರಡನೇ ಸಲ ಸಡಿಲವಾಯಿತು. ಅವನು ತಲೆ ಕೆರೆದುಕೊಂಡು ಸುತ್ತ ನೋಡಿದ.

"ಇದ್ರ ರಬ್ಬರ್ ಹಾಕಿ ನೋಡ್ರಿ" ಎಂದು ದುರುಗಮ್ಮ ಹೊನ್ನಾಳಿಯ ಮುಚ್ಚಳವನ್ನು ಚೀಲದಿಂದ ತೆಗೆದಳು.

ಸಿದ್ದು ಅದರ ವಾಷರ್ ಬಿಡಿಸಿ, ಬ್ಲೇಡಿನಿಂದ ಅಂಚು ಕತ್ತರಿಸಿ ತೊಡಿಸಿದ. ಮುಚ್ಚಳ ತಿರುಗಿಸಿದಾಗ ಸಣ್ಣಗೆ ಟಕ್ಕೆಂದಿತು. ಗಾಡಿಯನ್ನು ಅಡ್ಡ ಮಲಗಿಸಿದರು, ಹನಿಯೂ ಬೀಳಲಿಲ್ಲ. ಅವಳು ಊರ ಹೊರಗಿನ ರಸ್ತೆಯಲ್ಲಿ ಮನಸ್ಸು ತಣಿಯುವಷ್ಟು ದೂರ ಓಡಿಸಿ ಬಂದಳು. ಮುಚ್ಚಳ ಎತ್ತಿದಾಗ ಯಾವ ಸದ್ದೂ ಬರಲಿಲ್ಲ. ಅವಳ ಕಣ್ಣು ತುಂಬಿಕೊಂಡವು. ಅದನ್ನು ಮರೆಸಲು ಪೆಟ್ರೋಲ್ ವಾಸನೆಗೆ ಬೈದಳು.

ಅಷ್ಟರಲ್ಲಿ ಸಿದ್ದುವಿನ ತಾಯಿ ಅಜ್ಜಮ್ಮ ಒಳಗಿನಿಂದ ಬಂದು ಕೈ ಹಿಡಿದು ಊಟಕ್ಕೆ ಕೂರಿಸಿದಳು. ರೊಟ್ಟಿ, ಶೇಂಗಾ ಚಟ್ನಿ, ಸೊಪ್ಪಿನ ಪಲ್ಯ. ಯಾವ ಊರು, ಏನು ಕೆಲಸ ಎಂದೆಲ್ಲ ವಿಚಾರಿಸಿದಳು. ಸೂಳೆಕೆರೆ ಎಂದು ಕೇಳಿದ್ದೇ ತಡ, ಅವಳ ಮುಖ ಅರಳಿತು.

"ಅಯ್ಯೋ ತಾಯೀ, ಸೂಳೆಕೆರೆಯಿಂದ ಬರಿಗೈಲಿ ಬಂದ್ಯಾ? ಇಲ್ಲಿಗೆ ಬರೋ ಮೀನು ಎಲ್ಲಿಂದ ಹೊರಟೈತೋ, ಯಾವಾಗ ಸತ್ತೈತೋ ದೇವ್ರಿಗೇ ಗೊತ್ತು. ನೀನು ಕಳಿಸ್ತೀನಿ ಅನ್ನು, ಮಾರೋದು ನನಗಿರ್ಲಿ. ಮನೇಲಿ ಕೂತು ಕೂತು ಮೊಣಕಾಲು ಹಿಡ್ಕಂಡಾವೆ."

ದುರುಗಮ್ಮ ಅದನ್ನು ಉಪಚಾರದ ಮಾತು ಎಂದುಕೊಂಡಳು. ಆದರೆ ಅಜ್ಜಮ್ಮ ಮರುದಿನವೇ ಫೋನ್ ಮಾಡಿದಳು.

ಈಗ ವಾರಕ್ಕೊಮ್ಮೆ ಸೂಳೆಕೆರೆಯ ದಡದಿಂದ ಒಂದು ಐಸ್ ಡಬ್ಬಿ ಜಗಳೂರಿಗೆ ಹೋಗುತ್ತದೆ. ದುರುಗಮ್ಮ ಅದನ್ನು ತನ್ನ ಗಾಡಿಯಲ್ಲಿ ದಾವಣಗೆರೆ ರಸ್ತೆಯವರೆಗೆ ಒಯ್ದು, ತರಕಾರಿ ಸಾಗಿಸುವ ಒಂದು ಗೂಡ್ಸ್ ಗಾಡಿಗೆ ಹಾಕುತ್ತಾಳೆ. ಚಪ್ಪರದ ಪಕ್ಕದಲ್ಲಿ ಅಜ್ಜಮ್ಮ ಗೋಣಿತಾಟು ಹಾಸಿಕೊಂಡು ಕೂತರೆ, ಗಾಡಿ ರಿಪೇರಿಗೆ ಬಂದವರೆಲ್ಲ ಮೀನು ಕೊಂಡು ಹೋಗುತ್ತಾರೆ. ಹೊನ್ನೂರಮ್ಮನೂ ಕೆಲವು ವಾರ ಬಿಗುಮಾನ ತೋರಿಸಿ, ಬೇರೆಯವರ ಮೀನು ರುಚಿಸದೆ ತಾನೇ ಕರೆಸಿಕೊಂಡಳು. ಪಂಚಾಕ್ಷರಪ್ಪನಂತೂ ಹಳೇ ಮೊಪೆಡ್ಡಿನವರು ಯಾರೇ ಬಂದರೂ ಮುಚ್ಚಳ ಕೊಡುವ ಮೊದಲು ಅದನ್ನು ಬಾಯಿಗಿಟ್ಟು ಊದಿ ನೋಡುತ್ತಾನೆ. ಗಾಳಿ ದಾಟದಿದ್ದರೆ ಪಕ್ಕಕ್ಕಿಟ್ಟು, "ಇದು ಬ್ಯಾಡ, ನಿಮ್ಮ ಗಾಡಿನ ಮೀನಿನ ದುರುಗಮ್ಮಗೆ ಒಂದ್ಸಲ ತೋರಿಸ್ರಿ" ಎನ್ನುತ್ತಾನೆ. ಅವಳಿಗೂ ಈಗ ಟ್ಯಾಂಕಿನ ಬಾಯಿ ಬೆರಳಿನಿಂದ ಸವರಿ ಮೊದಲ ಮಾದರಿಯೋ ಎರಡನೆಯದೋ ಹೇಳಲು ಬರುತ್ತದೆ. ತಿಳಿಯದಿದ್ದರೆ ಸಿದ್ದುವಿಗೆ ಫೋನ್ ಮಾಡುತ್ತಾಳೆ.

ಮೊನ್ನೆ ಅಜ್ಜಮ್ಮ ಕರೆ ಮಾಡಿ, ಮುಂದಿನ ವಾರ ಮನೆಗೆ ನೆಂಟರು ಬರುತ್ತಾರೆ, ಕೊರವ ಮೀನೇ ಬೇಕು ಎಂದು ಹಟ ಹಿಡಿದಳು. ಕೊರವ ಬಲೆಗೆ ಸುಲಭಕ್ಕೆ ಬೀಳುವುದಲ್ಲ. ದುರುಗಮ್ಮ ಫೋನ್ ಹಿಡಿದುಕೊಂಡೇ ಏರಿ ಹತ್ತಿ, ದೂರದ ನೀರಿನಲ್ಲಿ ಚುಕ್ಕೆಯಂತೆ ಕಾಣುತ್ತಿದ್ದ ಕಲ್ಲೇಶನ ತೆಪ್ಪದ ಕಡೆ ತಿರುಗಿ, ಎರಡೂ ಊರಿಗೆ ಕೇಳುವಂತೆ ಕೂಗಿದಳು.

"ಕೊರವ ಬೇಕಂತೆ! ಜಗಳೂರಿಗೆ!"